ಜೋರ್ಕಿ ಕ್ಯಾಮೆರಾ: ಮೊದಲು ವೈಂಡ್, ಆಮೇಲೆ ಸ್ಪೀಡ್

ಹಳೇ ಸೋವಿಯತ್ ಕ್ಯಾಮೆರಾ ತರಿಸಿಕೊಂಡವರು ಅದನ್ನು ಮೊದಲ ಹತ್ತು ನಿಮಿಷದಲ್ಲೇ ಕೆಡಿಸುತ್ತಾರೆ. ಕಣ್ಣಾರೆ ನೋಡಿದ್ದೇನೆ. ಪಾರ್ಸೆಲ್ ಬಿಚ್ಚಿದ ಕೂಡಲೇ ಕೈ ಹೋಗುವುದು ಮೇಲಿನ ಸ್ಪೀಡ್ ಡಯಲ್‌ಗೆ, ಅಂದರೆ ಫಿಲ್ಮ್ ಮೇಲೆ ಬೆಳಕು ಬಿಡುವ ಶಟರ್ ಎಷ್ಟು ಹೊತ್ತು ತೆರೆದಿರಬೇಕು ಅಂತ ಹೊಂದಿಸುವ ಚಕ್ರಕ್ಕೆ. ಎತ್ತಿ, ಆಚೆ ಈಚೆ ತಿರುಗಿಸಿ, ಬಟನ್ ಒತ್ತಿ, ಮತ್ತೆ ತಿರುಗಿಸಿ, ಕೊನೆಗೆ ಎಲ್ಲೋ ಸಿಕ್ಕಿಕೊಂಡಾಗ ನನಗೆ ಫೋನ್: "ಸಾರ್, ಶಟರ್ ಹೋಯ್ತು. ರಷ್ಯನ್ ಮಾಲೇ ಹೀಗಾ?" ಮಾಲು ಚೆನ್ನಾಗೇ ಇತ್ತು. ಐವತ್ತು ಅರವತ್ತು ವರ್ಷ ಬದುಕಿ ಬಂದಿತ್ತು.

ಅದಕ್ಕೇ ಈ ಲೇಖನ. ಎಲ್ಲ ಹಂತವನ್ನೂ ಒಂದೇ ಸಮ ವಿವರಿಸುವುದಿಲ್ಲ. ಜನ ಎಡವುವ ಕಡೆ ನಿಲ್ಲುತ್ತೇನೆ, ಉಳಿದದ್ದನ್ನು ದಾಟಿ ಹೋಗುತ್ತೇನೆ.

1. ಯಾವುದನ್ನು ಕೊಳ್ಳಬೇಕು

ಮೂರು ಮನೆತನಗಳಿವೆ ಅನ್ನಬಹುದು. ಮೊದಲನೆಯದು ಉಕ್ರೇನಿನ ಖಾರ್ಕಿವ್‌ನ ಫೆಡ್. 1934ರಿಂದ ಬಂತು, ಜರ್ಮನಿಯ ಲೈಕಾ ಕ್ಯಾಮೆರಾದ ನಕಲು. ಸೋವಿಯತ್ ಗುಪ್ತ ಪೊಲೀಸ್ ಪಡೆ ಕಟ್ಟಿದ ಫೆಲಿಕ್ಸ್ ಎಡ್ಮುಂಡೊವಿಚ್ ಜೆರ್ಜಿನ್‌ಸ್ಕಿಯ ಹೆಸರಿನ ಮೊದಲಕ್ಷರಗಳೇ ಫೆಡ್. ಅವನ ಹೆಸರಿನ ಕಮ್ಯೂನ್‌ನಲ್ಲಿ ನೆಲೆ ಇಲ್ಲದ ಮಕ್ಕಳು ಸೇರಿ ಈ ಕ್ಯಾಮೆರಾ ಮಾಡುತ್ತಿದ್ದರು. ಎರಡನೆಯದು ಮಾಸ್ಕೋ ಹತ್ತಿರದ ಕ್ರಾಸ್ನೋಗೋರ್ಸ್ಕ್ ಕಾರ್ಖಾನೆಯ ಜೋರ್ಕಿ, 1948ರಿಂದ. ಜೋರ್ಕಿ ಅಂದರೆ ಚುರುಕು ಕಣ್ಣಿನವ. ಮೂರನೆಯದು ಕೀವ್. ಯುದ್ಧ ಮುಗಿದ ಮೇಲೆ ಜರ್ಮನಿಯಿಂದ ಕಾಂಟಾಕ್ಸ್ ಕ್ಯಾಮೆರಾದ ಅಚ್ಚು, ಉಪಕರಣ ಎಲ್ಲ ಸಾಗಿಸಿ ತಂದು, ಕೀವ್ ನಗರದ ಆರ್ಸೆನಲ್ ಕಾರ್ಖಾನೆಯಲ್ಲಿ ತಯಾರಿಸಿದ್ದು.

ನನ್ನ ಮಾತು ಕೇಳುವುದಾದರೆ ಮೊದಲ ಕ್ಯಾಮೆರಾ ಜೋರ್ಕಿ-4 ಆಗಲಿ. 1956ರಿಂದ 1973ರವರೆಗೆ 17 ಲಕ್ಷಕ್ಕೂ ಹೆಚ್ಚು ತಯಾರಾದವು, ಹಾಗಾಗಿ ಇವತ್ತಿಗೂ ಅಗ್ಗ. ಸೀರಿಯಲ್ ನಂಬರಿನ ಮೊದಲ ಎರಡು ಅಂಕಿ ನೋಡಿದರೆ ತಯಾರಾದ ವರ್ಷ ಗೊತ್ತಾಗುತ್ತದೆ. 68 ಅಂತ ಇದ್ದರೆ 1968. ಕೀವ್ ಬಹಳ ಚಂದದ ಯಂತ್ರ, ಆದರೆ ಅದರ ಶಟರ್ ಲೋಹದ ಪಟ್ಟಿಗಳದು, ಆ ಪಟ್ಟಿಗಳನ್ನು ಹಿಡಿದಿರುವುದು ಬಟ್ಟೆಯ ದಾರ. ದಾರ ಹರಿದರೆ ರಿಪೇರಿಗೆ ಜನ ಸಿಗುವುದಿಲ್ಲ. ಎರಡನೇ ಕ್ಯಾಮೆರಾ ಆಗಿ ತಗೊಳ್ಳಿ.

ಚಿನ್ನದ ಬಣ್ಣದ 'ಲೈಕಾ', ಮೇಲೆ ಜರ್ಮನ್ ವಾಯುಪಡೆಯ ಹದ್ದು, ನಂಬಲಾಗದ ಕಡಿಮೆ ಬೆಲೆ. ಇಂಥದ್ದು ಕಂಡರೆ ಲೆನ್ಸ್ ಬಿಚ್ಚಿ ಒಳಗೆ ನೋಡಿ. ಲೆನ್ಸ್ ಮುಟ್ಟಿ ಫೋಕಸ್ ತಿಳಿಯುವ ಕಡ್ಡಿಯ ತುದಿಯಲ್ಲಿ ಪುಟ್ಟ ಚಕ್ರ ಇದ್ದರೆ ಲೈಕಾ. ಚಕ್ರದ ಬದಲು ಚಪ್ಪಟೆ ನಾಲಿಗೆ ಇದ್ದರೆ ಅದು ವೇಷ ಹಾಕಿದ ಫೆಡ್ ಅಥವಾ ಜೋರ್ಕಿ. ವೇಷ ಇಷ್ಟವಾದರೆ ತಗೊಳ್ಳಿ, ಲೈಕಾ ಬೆಲೆ ಮಾತ್ರ ಕೊಡಬೇಡಿ.

2. ಬಂದ ದಿನದ ತಪಾಸಣೆ

ಲೆನ್ಸ್ ಬಿಚ್ಚಿ, ಹಿಂಬಾಗಿಲು ತೆಗೆದು, ಕತ್ತಲೆ ಕೋಣೆಯಲ್ಲಿ ಮುಂದಿನಿಂದ ಫೋನ್ ಟಾರ್ಚ್ ಹಿಡಿಯಿರಿ. ಶಟರ್ ಪರದೆ ರಬ್ಬರ್ ಹಚ್ಚಿದ ಬಟ್ಟೆ. ನಕ್ಷತ್ರದಂತೆ ಚುಕ್ಕಿ ಮಿನುಗಿದರೆ ತೂತು ಬಿದ್ದಿದೆ. ವೈಂಡ್ ಮಾಡಿ, ಅಂದರೆ ಫಿಲ್ಮ್ ಮುಂದೆ ಸುತ್ತಿ ಶಟರ್ ಏರಿಸುವ ಗುಂಡಿ ತಿರುಗಿಸಿ, ಇನ್ನೊಂದು ಪರದೆಯನ್ನೂ ನೋಡಿ. ಸಣ್ಣ ತೂತಿಗೆ ಬಟ್ಟೆಗೆ ಹಚ್ಚುವ ಕಪ್ಪು ಪೇಂಟನ್ನು ತೆಳ್ಳಗೆ ಸವರಿದರೆ ಸಾಕು. ನೇಲ್ ಪಾಲಿಶ್ ಬೇಡ. ಒಣಗಿ ಗಟ್ಟಿಯಾಗುತ್ತದೆ, ಪರದೆ ಸುರುಳಿ ಸುತ್ತುವಾಗ ಸಿಪ್ಪೆ ಎದ್ದು ಒಳಗೆಲ್ಲ ಉದುರುತ್ತದೆ.

ಈ ತೂತುಗಳು ಎಲ್ಲಿಂದ ಬರುತ್ತವೆ ಗೊತ್ತಾ? ಬಿಸಿಲಿನಿಂದ. ಈ ಕ್ಯಾಮೆರಾದಲ್ಲಿ ಪರದೆಗೆ ಅಡ್ಡವಾಗಿ ಕನ್ನಡಿ ಇಲ್ಲ. ಮುಚ್ಚಳ ಹಾಕದೆ ಸೂರ್ಯನ ಕಡೆ ಮುಖ ಮಾಡಿ ಇಟ್ಟರೆ ಲೆನ್ಸ್ ಭೂತಗನ್ನಡಿಯ ಕೆಲಸ ಮಾಡಿ ಪರದೆ ಸುಡುತ್ತದೆ. ನಾವೆಲ್ಲ ಶಾಲೆಯಲ್ಲಿ ಕಾಗದ ಸುಟ್ಟ ಹಾಗೆ.

ವ್ಯೂಫೈಂಡರ್, ಅಂದರೆ ಕಣ್ಣಿಟ್ಟು ನೋಡುವ ಕಿಟಕಿ, ಮಂಜಾಗಿ ಕಂಡರೆ ಗಾಬರಿ ಬೇಡ. ರಿವೈಂಡ್ ಗುಂಡಿಯ ಕೆಳಗೆ ಒಂದು ಪುಟ್ಟ ಲಿವರ್ ಇದೆ, ಕಣ್ಣಿನ ಪವರ್‌ಗೆ ಹೊಂದಿಸಲು. ಅದು ಸರಿದಿರುತ್ತದೆ ಅಷ್ಟೇ. ಕನ್ನಡಕದವರು ಇದನ್ನು ಹೊಂದಿಸಿಕೊಂಡು ಕನ್ನಡಕ ತೆಗೆದೇ ನೋಡಿ. ಕಣ್ಣಿಡುವ ಕಡೆ ಲೋಹದ ಉಂಗುರವಿದೆ, ಗಾಜು ಗೀಚುತ್ತದೆ. ನನ್ನ ಒಂದು ಜೊತೆ ಹಾಗೇ ಹೋಯಿತು.

3. ವೈಂಡ್ ಮಾಡದೆ ಸ್ಪೀಡ್ ಮುಟ್ಟಬೇಡಿ

ಲೇಖನದಲ್ಲಿ ಒಂದೇ ಸಾಲು ನೆನಪಿಡುವುದಾದರೆ ಇದು. ಶಟರ್ ಬಿಡುವಾಗ ಡಯಲ್ ತಾನೂ ಸುತ್ತುತ್ತದೆ. ಅಂದರೆ ವೈಂಡ್ ಮಾಡುವ ಮುಂಚೆ ಅದು ನಿಂತಿರುವ ಜಾಗ ಬೇರೆ, ವೈಂಡ್ ಆದ ಮೇಲೆ ನಿಲ್ಲುವ ಜಾಗ ಬೇರೆ. ಜೋರ್ಕಿ-4ರಲ್ಲಿ 1 ಸೆಕೆಂಡಿನವರೆಗಿನ ನಿಧಾನ ಸ್ಪೀಡ್‌ಗಳಿಗೆ ಒಳಗೆ ಪ್ರತ್ಯೇಕ ಹಲ್ಲುಚಕ್ರಗಳಿವೆ. ವೈಂಡ್ ಮಾಡದೆ ಡಯಲ್ ತಿರುಗಿಸಿದರೆ ಒಳಗಿನ ಮೊಳೆ ತಪ್ಪು ಜಾಗದಲ್ಲಿ ಕೂರುತ್ತದೆ. ಆಮೇಲೆ ಬಲವಂತ ಮಾಡಿದರೆ ಮುರಿಯುತ್ತದೆ.

ಸರಿಯಾದ ಕ್ರಮ: ವೈಂಡ್ ಗುಂಡಿಯನ್ನು ನಿಲ್ಲುವವರೆಗೆ ತಿರುಗಿಸಿ. ಡಯಲ್ ಎತ್ತಿ, ತಿರುಗಿಸಿ, ಬೇಕಾದ ಅಂಕಿ ಎದುರು ಬಿಡಿ. ಅದು ಟಕ್ ಅಂತ ಕೆಳಗೆ ಕೂರಬೇಕು. ಕೂರದಿದ್ದರೆ ಒತ್ತಬೇಡಿ, ಮತ್ತೆ ಎತ್ತಿ ಹುಡುಕಿ. ಮಾರಿದವರು ಸ್ಪೀಡನ್ನು ಎಲ್ಲೋ ಬಿಟ್ಟು ಕಳಿಸಿದ್ದರೂ ಮೊದಲು ವೈಂಡ್, ಆಮೇಲೇ ಡಯಲ್. ಫೆಡ್-2ರಲ್ಲಿ ನಿಧಾನ ಸ್ಪೀಡ್ ಇಲ್ಲ, ಅಪಾಯ ಕಡಿಮೆ. ಆದರೂ ಕೈಗೆ ಒಂದೇ ಅಭ್ಯಾಸ ಇರುವುದು ಒಳ್ಳೆಯದು.

ವೈಂಡ್ ಗುಂಡಿ ಸುತ್ತುತ್ತಲೇ ಇದೆ, ಶಟರ್ ಏರುತ್ತಿಲ್ಲ ಅಂದರೆ ಕೆಟ್ಟಿದೆ ಅಂದುಕೊಳ್ಳಬೇಡಿ. ಬಟನ್ ಸುತ್ತಲಿನ ಉಂಗುರ ರಿವೈಂಡ್ ಸ್ಥಾನದಲ್ಲಿರುತ್ತದೆ. ಹಿಂದಕ್ಕೆ ತಿರುಗಿಸಿ. ಈ ಒಂದು ಕಾರಣಕ್ಕೆ 'ಡೆಡ್' ಅಂತ ಕೊಟ್ಟ ಕ್ಯಾಮೆರಾಗಳನ್ನು ನಾನು ಸಂತೋಷದಿಂದ ಕೊಂಡಿದ್ದೇನೆ.

4. ಎರಡು ಬಿಂಬ ಒಂದಾಗಬೇಕು

ರೇಂಜ್‌ಫೈಂಡರ್ ಅಂದರೆ ಇಷ್ಟೇ: ವ್ಯೂಫೈಂಡರ್ ಮಧ್ಯದಲ್ಲಿ ಒಂದು ಬಣ್ಣದ ಚುಕ್ಕೆ, ಅದರೊಳಗೆ ವಸ್ತು ಎರಡಾಗಿ ಕಾಣುತ್ತದೆ. ಲೆನ್ಸ್ ತಿರುಗಿಸಿದಾಗ ಎರಡೂ ಸೇರಿ ಒಂದಾದರೆ ಫೋಕಸ್ ಆಯಿತು. ಅರ್ಧ ಶತಮಾನದಲ್ಲಿ ಈ ಹೊಂದಾಣಿಕೆ ತಪ್ಪಿರುವುದು ಸಾಮಾನ್ಯ. ಅದನ್ನು ನೋಡದೆ ನೇರ ರೋಲ್ ಹಾಕಿ, ಎಲ್ಲ ಚಿತ್ರ ಮಂಜಾಗಿ ಬಂದ ಮೇಲೆ ಲೆನ್ಸ್ ಸರಿ ಇಲ್ಲ ಅಂತ ಬೈಯುತ್ತಾರೆ.

ಲೆನ್ಸನ್ನು ಅನಂತಕ್ಕೆ, ಅಂದರೆ ಮಲಗಿದ 8ರ ಗುರುತಿಗೆ, ಪೂರ್ತಿ ತಿರುಗಿಸಿ. ಕನಿಷ್ಠ ಒಂದು ಕಿಲೋಮೀಟರ್ ದೂರದ ಮೊಬೈಲ್ ಟವರ್ ನೋಡಿ. ರಾತ್ರಿಯಾದರೆ ಚಂದ್ರ. ಎದುರು ಮನೆಯ ನೀರಿನ ಟ್ಯಾಂಕ್ ಸಾಲದು! ಎಲ್ಲರೂ ಅದನ್ನೇ ನೋಡಿ ಹೊಂದಿಸಿ ಹಾಳು ಮಾಡುತ್ತಾರೆ.

ಬಿಂಬ ಮೇಲೆ-ಕೆಳಗೆ ಸರಿದಿದೆಯಾ, ಎಡ-ಬಲ ಸರಿದಿದೆಯಾ ನೋಡಿ. ಎರಡೂ ಇದ್ದರೆ ಮೊದಲು ಮೇಲೆ-ಕೆಳಗಿನದನ್ನು ಸರಿ ಮಾಡಬೇಕು. ಯಾಕೆಂದರೆ ಅದನ್ನು ಮುಟ್ಟಿದಾಗ ಎಡ-ಬಲವೂ ಕದಲುತ್ತದೆ. ಉಲ್ಟಾ ಮಾಡಿದರೆ ಸಂಜೆವರೆಗೂ ಅದೇ ಕೆಲಸ.

ಜೋರ್ಕಿ-4ರ ಮುಂಭಾಗದಲ್ಲಿ ಒಂದು ಪುಟ್ಟ ದುಂಡು ಕಿಟಕಿ ಇದೆ. ಅದರ ಸುತ್ತಲಿನ ಉಂಗುರ ತಿರುಪಿನದು, ಬಿಚ್ಚಿದರೆ ಒಳಗೆ ಗಾಜು ಕೂತಿರುವ ಇನ್ನೊಂದು ಉಂಗುರ ಸಿಗುತ್ತದೆ. ಆ ಗಾಜು ಒಂದು ಕಡೆ ದಪ್ಪ, ಒಂದು ಕಡೆ ತೆಳು. ಅದನ್ನು ಕೂದಲೆಳೆಯಷ್ಟು ತಿರುಗಿಸಿದರೆ ಬಿಂಬ ಏರುತ್ತದೆ, ಇಳಿಯುತ್ತದೆ. ಇಕ್ಕಳ ಹಾಕಬೇಡಿ. ಬೆರಳಿಗೆ ರಬ್ಬರ್ ಕೈಗವಸಿನ ತುಂಡು ಸುತ್ತಿಕೊಂಡು ಒತ್ತಿ ತಿರುಗಿಸಿ, ಜಾರುವುದಿಲ್ಲ, ಗೀರು ಬೀಳುವುದಿಲ್ಲ.

ಇನ್ನು ಎಡ-ಬಲ. ದುಂಡು ಕಿಟಕಿಗೂ ದೊಡ್ಡ ಕಿಟಕಿಗೂ ನಡುವೆ ಒಂಟಿ ಸ್ಕ್ರೂ ಇದೆ. ಅದು ಬರೀ ಮುಚ್ಚಳ. ತೆಗೆದು ಒಂದು ಬಿಳಿ ತಟ್ಟೆಯಲ್ಲಿಡಿ. ಬಿಳಿ ತಟ್ಟೆ ಯಾಕೆಂದರೆ ಅದು ನೆಲಕ್ಕೆ ಬಿದ್ದರೆ ಮತ್ತೆ ಸಿಗುವುದಿಲ್ಲ. ಆ ತೂತಿನೊಳಗೆ ನಿಜವಾದ ಸ್ಕ್ರೂ ಇದೆ. ವಾಚ್ ರಿಪೇರಿಯವರ ತೆಳ್ಳನೆ ಸ್ಕ್ರೂಡ್ರೈವರ್ ಬೇಕು. ಹತ್ತಿಪ್ಪತ್ತು ರೂಪಾಯಿಗೆ ಸಿಗುವ ಸೆಟ್‌ಗಳ ತುದಿ ಬೆಣ್ಣೆಯಂತೆ ಬಾಗುತ್ತದೆ, ಸ್ಕ್ರೂವಿನ ತಲೆಯನ್ನೂ ತಿನ್ನುತ್ತದೆ. ಯಾವ ಕಡೆ ತಿರುಗಿಸಬೇಕು ಅಂತ ಯೋಚಿಸಬೇಡಿ. ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ, ಟವರ್ ನೋಡಿ, ದೂರವಾದರೆ ವಾಪಸ್.

ಇಷ್ಟಾದರೆ ಅರ್ಧ ಕೆಲಸ. ಅನಂತ ಸರಿ ಇದ್ದೂ ಹತ್ತಿರದ ಫೋಕಸ್ ತಪ್ಪುವುದುಂಟು. ಸುಮ್ನೆ ನಂಬಬೇಡಿ, ಕಣ್ಣಲ್ಲಿ ನೋಡಿ. ಮಸುಕು ಗಾಜಿನ ತುಂಡೊಂದನ್ನು 35 ಮಿಲಿಮೀಟರ್ ಅಗಲಕ್ಕೆ ಗಾಜಿನ ಅಂಗಡಿಯಲ್ಲಿ ಕತ್ತರಿಸಿಕೊಳ್ಳಿ. ಹಿಂಬಾಗಿಲು ತೆಗೆದು, ಫಿಲ್ಮ್ ಕೂರುವ ಒಳಗಿನ ಎರಡು ಪಟ್ಟಿಗಳ ಮೇಲೆ ಇಡಿ. ಮಸುಕು ಮುಖ ಲೆನ್ಸ್ ಕಡೆಗೆ ಇರಬೇಕು, ಇದನ್ನು ತಪ್ಪಿಸಿದರೆ ಗಾಜಿನ ದಪ್ಪದಷ್ಟು ಲೆಕ್ಕ ತಪ್ಪುತ್ತದೆ. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು, ವೈಂಡ್ ಮಾಡಿ, 'ಬಿ' ಸ್ಪೀಡಿಗೆ (ಒತ್ತಿರುವಷ್ಟು ಹೊತ್ತೂ ಶಟರ್ ತೆರೆದಿರುವ ಸ್ಥಾನ) ಹಾಕಿ, ಬಟನ್‌ಗೆ ಸಿಕ್ಕಿಸಿ ದೂರದಿಂದ ಒತ್ತುವ, ಲಾಕ್ ಆಗುವ ಕೇಬಲ್ ರಿಲೀಸ್‌ನಿಂದ ಶಟರ್ ತೆರೆದಿಡಿ. ಅಪರ್ಚರ್, ಅಂದರೆ ಲೆನ್ಸ್‌ನಲ್ಲಿ ಬೆಳಕು ನುಗ್ಗುವ ಕಿಂಡಿ, ಪೂರ್ತಿ ತೆರೆಯಿರಿ. ಒಂದು ಮೀಟರ್ ದೂರದಲ್ಲಿ ದಿನಪತ್ರಿಕೆ ಅಂಟಿಸಿ. ರೇಂಜ್‌ಫೈಂಡರ್‌ನಲ್ಲಿ ಅಕ್ಷರ ಒಂದಾಗುವಂತೆ ಮಾಡಿ, ಆಮೇಲೆ ಭೂತಗನ್ನಡಿ ಹಿಡಿದು ಗಾಜಿನ ಮೇಲೆ ತಲೆಕೆಳಗಾಗಿ ಬಿದ್ದ ಅಕ್ಷರ ನೋಡಿ. ಅಲ್ಲೂ ಸ್ಪಷ್ಟವಾಗಿದ್ದರೆ ಹಬ್ಬ. ಇಲ್ಲದಿದ್ದರೆ ಲೆನ್ಸ್ ಹಿಂದಿನ ತೆಳು ಬಿಲ್ಲೆ ಬದಲಿಸಬೇಕು ಅಥವಾ ಒಳಗಿನ ನಾಲಿಗೆ ತಿದ್ದಬೇಕು. ಅದನ್ನು ಬಲ್ಲವರಿಗೆ ಬಿಡಿ. ನಾನೇ ಒಮ್ಮೆ ಕೈ ಹಾಕಿ ಚೆನ್ನಾಗಿದ್ದ ಕ್ಯಾಮೆರಾವನ್ನು ಪೇಪರ್‌ವೇಟ್ ಮಾಡಿಟ್ಟಿದ್ದೇನೆ.

ಇದೆಲ್ಲ ಬೇಡ ಅನ್ನುವವರಿಗೆ ಒಂದು ಕಳ್ಳದಾರಿ ಇದೆ. 50 ಎಂಎಂ ಲೆನ್ಸ್‌ನಲ್ಲಿ ಅಪರ್ಚರ್ ಎಫ್/8 ಇಟ್ಟು ಫೋಕಸ್ 5 ಮೀಟರ್‌ಗೆ ಹಾಕಿದರೆ, ಸುಮಾರು ಮೂರೂವರೆ ಮೀಟರ್‌ನಿಂದ ಒಂಬತ್ತೂವರೆ ಮೀಟರ್‌ವರೆಗೆ ಎಲ್ಲ ಸ್ಪಷ್ಟ. ಸಂತೆ, ಬೀದಿಗೆ ಸಾಕು. ಮುಖದ ಚಿತ್ರಕ್ಕೆ ಸಾಲದು.

5. ಲೆನ್ಸ್

ಜ್ಯುಪಿಟರ್-8 ಜೊತೆ ಬಂದರೆ ಬೇರೇನೂ ಬೇಡ. 50 ಎಂಎಂ, ಎಫ್/2, ಜರ್ಮನಿಯ ಜೈಸ್ ಕಂಪನಿಯ ಸೊನಾರ್ ಲೆನ್ಸ್ ವಿನ್ಯಾಸ. ಎದುರು ಬೆಳಕಿಗೆ ಬಿಳಿಚಿಕೊಳ್ಳುತ್ತದೆ, ಬೆಳಕಿಗೆ ಅಡ್ಡ ಹಿಡಿಯುವ 40.5 ಎಂಎಂ ತಿರುಪಿನ ಹುಡ್ ಹಾಕಿ. ಇಂಡಸ್ಟಾರ್-61 ಹೆಚ್ಚು ಚೂಪು, ಆದರೆ ನನಗೆ ಅದರಲ್ಲಿ ತೆಗೆದ ಮುಖದ ಚಿತ್ರಗಳು ಒರಟು ಅನ್ನಿಸುತ್ತವೆ. 35 ಎಂಎಂ ಜ್ಯುಪಿಟರ್-12ರ ಹಿಂದಿನ ಗಾಜು ಗುಡ್ಡದಂತೆ ಹೊರಗೆ ಚಾಚಿರುತ್ತದೆ, ಬಿಚ್ಚಿ ಮೇಜಿನ ಮೇಲೆ ಹಾಗೇ ಇಟ್ಟರೆ ಕಥೆ ಮುಗಿಯಿತು.

ಫೋಕಸ್ ಬಿಗಿಯಾಗಿದ್ದರೆ ಹಳೇ ಗ್ರೀಸ್ ಒಣಗಿದೆ. ಬೀಗಕ್ಕೆ, ಬಾಗಿಲ ಕೀಲಿಗೆ ಹೊಡೆಯುವ ಸ್ಪ್ರೇ ಎಣ್ಣೆ ಹೊಡೆಯಬೇಡಿ. ಗಾಜಿನೊಳಗೆ ಹಬ್ಬುತ್ತದೆ, ಅಪರ್ಚರ್ ಎಲೆಗಳಿಗೂ ಅಂಟುತ್ತದೆ.

6. ಫಿಲ್ಮ್ ಹಾಕುವುದು

ಅಡಿಯಲ್ಲಿರುವ ಎರಡು ಚಾವಿ ಎತ್ತಿ ತಿರುಗಿಸಿದರೆ ತಳ, ಬೆನ್ನು ಎರಡೂ ಒಟ್ಟಿಗೆ ಬರುತ್ತವೆ. ಬಲಗಡೆಯ ಉರುಳೆ ಸಡಿಲವಾಗಿಯೇ ಇರುತ್ತದೆ. ಕೆಳಗೆ ಬೀಳಿಸಿ ಕಳೆದುಕೊಳ್ಳಬೇಡಿ, ಅದಿಲ್ಲದೆ ಕ್ಯಾಮೆರಾ ಇಲ್ಲ. ಉರುಳೆ ಹೊರಗಿರುವಾಗಲೇ ಫಿಲ್ಮ್ ನಾಲಿಗೆಯನ್ನು ಅದರ ಸೀಳಿಗೆ ಸಿಕ್ಕಿಸಿ, ಕ್ಯಾಸೆಟ್ ಮತ್ತು ಉರುಳೆ ಎರಡನ್ನೂ ಒಟ್ಟಿಗೆ ಇಳಿಸಿ. ಹಲ್ಲುಗಳು ಎರಡೂ ಕಡೆಯ ತೂತಿಗೆ ಕೂರುವುದನ್ನು ನೋಡಿ ಮುಚ್ಚಿ.

ಮುಚ್ಚಿದ ಮೇಲೆ ರಿವೈಂಡ್ ಗುಂಡಿಯನ್ನು ನಿಧಾನ ತಿರುಗಿಸಿ ಸಡಿಲ ತೆಗೆಯಿರಿ. ಈಗ ವೈಂಡ್ ಮಾಡುವಾಗ ರಿವೈಂಡ್ ಗುಂಡಿಯೂ ತಿರುಗುತ್ತಿರಬೇಕು. ತಿರುಗದಿದ್ದರೆ ಫಿಲ್ಮ್ ಜಾರಿದೆ, ನೀವು 36 ಖಾಲಿ ಚಿತ್ರ ತೆಗೆಯಲಿದ್ದೀರಿ. ಎರಡು ಖಾಲಿ ಬಿಟ್ಟು ಎಣಿಕೆ ತಟ್ಟೆಯನ್ನು ಕೈಯಾರೆ ಸೊನ್ನೆಗೆ ತನ್ನಿ, ತಾನಾಗೇ ಬರುವುದಿಲ್ಲ.

7. ಬೆಳಕು, ಕ್ಲಿಕ್

ಬೆಳಕು ಅಳೆಯುವ ಮೀಟರ್ ಇಲ್ಲ. ಬಿಸಿಲಿದ್ದರೆ ಅಪರ್ಚರ್ ಎಫ್/16; ಫಿಲ್ಮಿನ ಐಎಸ್‌ಒ, ಅಂದರೆ ಬೆಳಕಿಗೆ ಅದರ ಚುರುಕು, 100 ಆದರೆ ಸ್ಪೀಡ್ 1/125 ಸೆಕೆಂಡ್, 400 ಆದರೆ 1/500. ಮೋಡಕ್ಕೆ ಅಪರ್ಚರನ್ನು ಎರಡು ಮೂರು ಹೆಜ್ಜೆ ತೆರೆಯಿರಿ. ಫೋನಿನಲ್ಲಿ ಮೀಟರ್ ಆ್ಯಪ್ ಇದ್ದರೂ ಆಗುತ್ತದೆ. 1/1000ವನ್ನು ನಂಬಬೇಡಿ, ಹಳೇ ಸ್ಪ್ರಿಂಗ್‌ಗೆ ಅಷ್ಟು ವೇಗ ಇರುವುದು ಅಪರೂಪ. ನಾನು 1/60ರಿಂದ 1/250ರೊಳಗೇ ಇರುತ್ತೇನೆ.

8. ರೋಲ್ ಮುಗಿದಾಗ

ಗುಂಡಿ ಬಿಗಿಯಾದರೆ ನಿಲ್ಲಿಸಿ. ಇನ್ನೊಂದು ಚಿತ್ರದ ಆಸೆಗೆ ಎಳೆದರೆ ಫಿಲ್ಮಿನ ತೂತುಗಳು ಹರಿಯುತ್ತವೆ. ಬಟನ್ ಸುತ್ತಲಿನ ಉಂಗುರವನ್ನು ರಿವೈಂಡ್ ಕಡೆ ತಿರುಗಿಸಿ, ಎಡಗಡೆಯ ಗುಂಡಿ ಎಳೆದು, ನಿಧಾನ ಸುತ್ತಿ. ಬಿಗಿ ಹೋಗಿ ಹಗುರಾದಾಗ ನಾಲಿಗೆ ಉರುಳೆಯಿಂದ ಬಿಟ್ಟಿದೆ ಅಂತ. ತೆಗೆದ ಮೇಲೆ ಉಂಗುರವನ್ನು ವಾಪಸ್ ತಿರುಗಿಸುವುದು ಮರೆಯಬೇಡಿ, ಇಲ್ಲದಿದ್ದರೆ ಮುಂದಿನ ರೋಲ್ ಹೊತ್ತಿಗೆ ನೀವೂ ನನಗೆ ಫೋನ್ ಮಾಡುತ್ತೀರಿ.

ಮಲೆನಾಡು, ಕರಾವಳಿಯವರಿಗೆ ಇನ್ನೊಂದು ಮಾತು. ಈ ಕ್ಯಾಮೆರಾಗಳ ಜೊತೆ ಬರುವ ಚರ್ಮದ ಕೇಸ್ ನೋಡಲು ಚಂದ, ಬಹಳಷ್ಟು ಜೋರ್ಕಿಗಳಿಗೆ ಪಟ್ಟಿ ಕಟ್ಟಲು ಕೊಂಡಿ ಇಲ್ಲವಾದ್ದರಿಂದ ಹೊರಗೆ ಹೋಗುವಾಗ ಅದೇ ಗತಿ. ಮಳೆಗಾಲದಲ್ಲಿ ಮಾತ್ರ ಅದರೊಳಗೆ ಇಡಬೇಡಿ. ಚರ್ಮ ತೇವ ಹಿಡಿಯುತ್ತದೆ, ಲೆನ್ಸ್‌ಗೆ ಬೂಷ್ಟು ಹತ್ತುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಒಳಗೆ ಎರಡು ಪೊಟ್ಟಣ ಸಿಲಿಕಾ ಜೆಲ್, ಶಟರ್ ಬಿಟ್ಟ ಸ್ಥಿತಿಯಲ್ಲಿ ಕ್ಯಾಮೆರಾ. ತಿಂಗಳಿಗೊಮ್ಮೆ ತೆಗೆದು ನಾಲ್ಕು ಸಲ ಕ್ಲಿಕ್ ಮಾಡಿ ವಾಪಸ್ ಇಡಿ.