ಪೋಸ್ಟ್ ತೆಗೆದಾಕಿದ್ರೆ ಏನ್ ಮಾಡ್ಬೇಕು?

ನಮ್ ದಾವಣಗೆರೇಲಿ ಯಾರ್ದಾದ್ರೂ ಪೋಸ್ಟ್ ಡಿಲೀಟ್ ಆದ್ರೆ ಸಾಕು, ಮಿರ್ಚಿ ಮಂಡಕ್ಕಿ ತಿಂತಾ "ವಾಕ್ ಸ್ವಾತಂತ್ರ್ಯನೇ ಕಿತ್ಕೊಂಡ್ರು" ಅಂತ ಶುರು ಹಚ್ಕೋತಾರೆ. ಸಂವಿಧಾನದ 19(1)(ಎ) ಮುಖ್ಯವಾಗಿ ಸರ್ಕಾರ ನಮ್ ಬಾಯಿ ಮುಚ್ಚಿಸ್ಬಾರ್ದು ಅಂತ ಇರೋದು, ಫೇಸ್‌ಬುಕ್ಕು ಯೂಟ್ಯೂಬು ಖಾಸಗಿ ಕಂಪ್ನಿ, ಅಕೌಂಟ್ ಮಾಡೋವಾಗ ಓದ್ದೇನೇ ಓಕೆ ಒತ್ತಿದ್ವಲ್ಲ ಆ ರೂಲ್ಸ್ ತೋರ್ಸೇ ತೆಗೀತಾರೆ.

ಹಂಗಂತ ಸುಮ್ನೆ ಕೂರ್ಬೇಡಿ. ಮೊದ್ಲು ಪೋಸ್ಟ್ ತೆಗೆದಿದೀವಿ ಅಂತ ಬಂದಿರೋ ನೋಟಿಸಿಂದು ಸ್ಕ್ರೀನ್‌ಶಾಟ್ ತಗೊಳ್ಳಿ, ತಾರೀಖು ಕಾಣ್ಬೇಕು. ಆಮೇಲೆ ಆ್ಯಪಲ್ಲೇ ರಿವ್ಯೂ ಕೇಳಿ. ಇಂಥ ಇಂಟರ್ನೆಟ್ ಕಂಪ್ನಿಗಳಿಗೆ ಕೇಂದ್ರ ಸರ್ಕಾರ ಮಾಡಿರೋ 2021ರ ಐಟಿ ರೂಲ್ಸ್ ಪ್ರಕಾರ 50 ಲಕ್ಷಕ್ಕಿಂತ ಜಾಸ್ತಿ ಯೂಸರ್ಸ್ ಇರೋ ಕಂಪ್ನಿ ತಾನಾಗೇ ತೆಗೆದ್ರೆ ಕಾರಣ ಹೇಳ್ಬೇಕು, ನಮ್ ವಾದ ಹೇಳೋಕೂ ಅವಕಾಶ ಕೊಡ್ಬೇಕು. ಬಗ್ಗಲಿಲ್ವಾ, ಆ ಕಂಪ್ನೀಲಿ ದೂರು ನೋಡ್ಕೊಳ್ಳೋ ಗ್ರೀವೆನ್ಸ್ ಆಫೀಸರ್‌ಗೆ ಬರೀರಿ, ದೂರು ತಲುಪ್ತು ಅಂತ 24 ಗಂಟೇಲಿ ಹೇಳ್ಬೇಕು ಅವ್ರು. ಸಿಟ್ಟಲ್ಲಿ ಪುರಾಣ ಬರೀಬೇಡಿ, "ಪಿ.ಬಿ. ರೋಡ್ ಗುಂಡಿ ಫೋಟೋ ಹಾಕಿದ್ದೆ, ಯಾರ್ನೂ ಬೈದಿಲ್ಲ, ಯಾವ ರೂಲ್ ಮುರ್ದೆ ಹೇಳಿ" ಇಷ್ಟು ಸಾಕು.

ಅಲ್ಲೂ ಸರಿಹೋಗ್ಲಿಲ್ಲಾಂದ್ರೆ 30 ದಿನದೊಳ್ಗೆ ಕೇಂದ್ರದ ಗ್ರೀವೆನ್ಸ್ ಅಪೀಲೇಟ್ ಕಮಿಟಿಗೆ ಆನ್‌ಲೈನಲ್ಲೇ ಅಪೀಲು ಹಾಕ್ಬಹುದು, ದಿಲ್ಲಿಗೇನ್ ಹೋಗ್ಬೇಕಾಗಿಲ್ಲ. ವಾಟ್ಸಾಪ್ ಗ್ರೂಪಿಂದ ಅಡ್ಮಿನ್ ಹೊರಗಾಕಿದ್ರೆ ಮಾತ್ರ ಇದ್ನೆಲ್ಲ ಹಿಡ್ಕೊಂಡ್ ಓಡಾಡ್ಬೇಡಿ, ಅವ್ರತ್ರನೇ ಮಾತಾಡ್ಕೊಳ್ಳಿ.