ಊರಿಗೆ 108 ಬೇಗ ತಲುಪಬೇಕಾದರೆ

ಕರ್ನಾಟಕದಲ್ಲಿ ‘ಆರೋಗ್ಯ ಕವಚ’ ಎಂಬ ಹೆಸರಿನಿಂದ 2008ರ ನವೆಂಬರ್ 1ರಂದು ಆರಂಭವಾದ 108 ಆಂಬ್ಯುಲೆನ್ಸ್ ಸೇವೆಯ ಬಗ್ಗೆ ಕೇಳದವರು ಇಂದು ಯಾವ ಹಳ್ಳಿಯಲ್ಲೂ ಸಿಗಲಾರರು. ಆದರೆ ಕರೆ ಮಾಡಿದ ಕ್ಷಣದಿಂದ ವಾಹನ ಅಂಗಳಕ್ಕೆ ಬರುವವರೆಗಿನ ಹೊತ್ತಿನಲ್ಲಿ ಎಷ್ಟು ಪಾಲು ನಮ್ಮ ಕೈಯಲ್ಲೇ ಇದೆ ಎಂದು ಯೋಚಿಸಿದವರು ಕಡಿಮೆ. ವಾಹನಗಳ ಕೊರತೆ, ಹದಗೆಟ್ಟ ರಸ್ತೆ, ಸಿಬ್ಬಂದಿಯ ಸಂಬಳದ ತಕರಾರು ಇವೆಲ್ಲ ಸರ್ಕಾರದ ಮಟ್ಟದಲ್ಲಿ ಬಗೆಹರಿಯಬೇಕಾದ ಸಂಗತಿಗಳು. ಕರೆ ಮಾಡುವವರು ಮತ್ತು ಊರಿನವರು ಮಾಡಬಹುದಾದದ್ದನ್ನು ಮಾತ್ರ, ಮನೆಗಳು ಚದುರಿಕೊಂಡಿರುವ ಮಲೆನಾಡಿನ ಊರುಗಳನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡು, ಇಲ್ಲಿ ಬರೆಯಲಾಗಿದೆ.

ಮೊದಲನೆಯದು ಕರೆಯ ವಿಷಯ. ನಿಮ್ಮ ಕರೆಯನ್ನು ಎತ್ತುವವರು ಪಕ್ಕದ ತಾಲ್ಲೂಕು ಆಸ್ಪತ್ರೆಯಲ್ಲಿ ಕುಳಿತವರಲ್ಲ. ಅದು ಇಡೀ ರಾಜ್ಯದ ಕರೆಗಳು ಬಂದು ಸೇರುವ ಕೇಂದ್ರ. ಅಲ್ಲಿರುವವರಿಗೆ ‘ಹೊಸಳ್ಳಿ’ ಎಂದಷ್ಟೇ ಹೇಳಿದರೆ ಪ್ರಯೋಜನವಿಲ್ಲ, ಏಕೆಂದರೆ ಹೊಸಹಳ್ಳಿಯಿಲ್ಲದ ತಾಲ್ಲೂಕನ್ನು ಹುಡುಕುವುದೇ ಕಷ್ಟ. ಆದ್ದರಿಂದ ಜಿಲ್ಲೆ, ತಾಲ್ಲೂಕು, ಗ್ರಾಮ ಪಂಚಾಯಿತಿ, ಊರು, ಮಜರೆ ಎಂಬ ಕ್ರಮದಲ್ಲಿ, ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತಾ ಹೇಳಬೇಕು. ಆಮೇಲೆ ಗುರುತು. ‘ಶಾನುಭೋಗರ ಮನೆಯ ಹಿಂದೆ’ ಎಂಬ ಗುರುತು ಊರಿನವರಿಗೆ ಸಾಕು, ಹೊರಗಿನಿಂದ ಬರುವ ಚಾಲಕನಿಗೆ ಸಾಲದು. ಡಾಂಬರು ರಸ್ತೆಯಿಂದ ಕಾಣುವ ಹಾಲಿನ ಡೇರಿ, ಸೊಸೈಟಿ ಕಟ್ಟಡ, ಶಾಲೆ, ಬಸ್ ತಂಗುದಾಣ ಇಂಥವನ್ನು ಹೇಳಿ, ಅಲ್ಲಿಂದ ಎಡಕ್ಕೋ ಬಲಕ್ಕೋ ಎಷ್ಟು ದೂರ ಎಂಬುದನ್ನು ಸೇರಿಸಬೇಕು. ಹೆದ್ದಾರಿಯಲ್ಲಾದರೆ ಕಿಲೋಮೀಟರ್ ಕಲ್ಲಿನ ಮೇಲಿನ ಅಂಕಿಯೇ ಎಲ್ಲಕ್ಕಿಂತ ಖಚಿತವಾದ ವಿಳಾಸ. ರಾಷ್ಟ್ರೀಯ ಹೆದ್ದಾರಿಯಲ್ಲಿ 1033ಕ್ಕೂ ಕರೆ ಮಾಡಬಹುದು.

ಗಡಿಭಾಗದವರು ಇನ್ನೊಂದು ವಿಷಯವನ್ನು ಗಮನಿಸಬೇಕು. 108 ಎಂಬ ಸಂಖ್ಯೆ ಮಹಾರಾಷ್ಟ್ರ, ಗೋವಾ, ಕೇರಳ, ತಮಿಳುನಾಡು ಮತ್ತು ಆಂಧ್ರಪ್ರದೇಶದಲ್ಲೂ ಇರುವುದರಿಂದ, ಫೋನು ಆಚೆಯ ಟವರನ್ನು ಹಿಡಿದುಕೊಂಡಿದ್ದರೆ ಕರೆ ಆ ರಾಜ್ಯದ ಕೇಂದ್ರಕ್ಕೆ ಹೋಗುವ ಸಂಭವವಿದೆ. ಎತ್ತಿದವರು ಬೇರೆ ಭಾಷೆಯಲ್ಲಿ ಮಾತನಾಡಿದರೆ ಗಾಬರಿಯಾಗದೆ, ಕರ್ನಾಟಕದಿಂದ ಕರೆ ಮಾಡುತ್ತಿರುವುದಾಗಿ ಮೊದಲು ತಿಳಿಸಬೇಕು. ಸಿಗ್ನಲ್ ಸಿಗದ ಕಡೆ 112ನ್ನು ಒತ್ತಿ ನೋಡಬೇಕು. ಫೋನು ಅದನ್ನು ತುರ್ತು ಸಂಖ್ಯೆಯೆಂದು ಗುರುತಿಸುವುದರಿಂದ, ನಿಮ್ಮ ಕಂಪನಿಯ ಟವರ್ ಇಲ್ಲದಿದ್ದರೂ ಹತ್ತಿರದ ಬೇರೆ ಟವರಿನ ಮೂಲಕ ಕರೆಯನ್ನು ಸೇರಿಸಲು ಪ್ರಯತ್ನಿಸುತ್ತದೆ.

ರೋಗಿಯ ಸ್ಥಿತಿಯನ್ನು ಹೇಳುವಾಗ ರೋಗದ ಹೆಸರನ್ನು ಊಹಿಸುವ ಅಗತ್ಯವಿಲ್ಲ, ಕಣ್ಣಿಗೆ ಕಂಡದ್ದನ್ನು ಹೇಳಿದರೆ ಸಾಕು: ಪ್ರಜ್ಞೆ ಇದೆಯೇ, ಉಸಿರಾಡುತ್ತಿದ್ದಾರೆಯೇ, ರಕ್ತ ಹೋಗುತ್ತಿದೆಯೇ, ಗರ್ಭಿಣಿಯಾಗಿದ್ದರೆ ಎಷ್ಟನೇ ತಿಂಗಳು, ನೋವು ಎಷ್ಟು ಹೊತ್ತಿಗೊಮ್ಮೆ ಬರುತ್ತಿದೆ. ಆ ಕಡೆಯವರು ಸಾಕು ಎನ್ನುವವರೆಗೆ ಫೋನು ಇಡಬಾರದು. ಇಟ್ಟ ಮೇಲೆ ಅದೇ ಫೋನಿನಿಂದ ಮಗನಿಗೆ, ಅಳಿಯನಿಗೆ, ಪರಿಚಯದ ಡಾಕ್ಟರಿಗೆ ಕರೆ ಮಾಡುತ್ತಾ ಕೂರಬಾರದು. ಆಂಬ್ಯುಲೆನ್ಸಿನ ಚಾಲಕ, ಅಂದರೆ ಆ ಸೇವೆಯವರ ಮಾತಿನಲ್ಲಿ ‘ಪೈಲಟ್’, ದಾರಿ ಕೇಳಲು ಕರೆ ಮಾಡುವುದು ಆ ಸಂಖ್ಯೆಗೇ. ತಿರುವಿನಲ್ಲಿ ನಿಂತು ಆತ ಕರೆ ಮಾಡುವಾಗ ಲೈನು ಬ್ಯುಸಿ ಬರುವುದಕ್ಕಿಂತ ದೊಡ್ಡ ಅನಾಹುತವಿಲ್ಲ. ಬಂಧುಗಳಿಗೆ ತಿಳಿಸಲು ಮನೆಯ ಇನ್ನೊಂದು ಫೋನನ್ನು ಬಳಸಬೇಕು.

ಆಮೇಲಿನ ಕೆಲಸ ಊರಿನವರದ್ದು. ಡಾಂಬರು ರಸ್ತೆಯಿಂದ ಮಣ್ಣಿನ ದಾರಿ ಕವಲೊಡೆಯುವ ಪ್ರತಿಯೊಂದು ಕಡೆ ಒಬ್ಬರು ನಿಲ್ಲಬೇಕು, ರಾತ್ರಿಯಾದರೆ ಟಾರ್ಚ್ ಹಿಡಿದು. ಅಂಗಳದ ದೀಪ ಹಾಕಿ, ನಾಯಿ ಕಟ್ಟಿ, ಉಣುಗೋಲನ್ನು ತೆಗೆದು, ದಾರಿಗಡ್ಡವಾಗಿ ನಿಲ್ಲಿಸಿದ ಬೈಕು, ಟಿಲ್ಲರುಗಳನ್ನು ಸರಿಸಬೇಕು. ವಾಹನ ತಿರುಗಿಸಲು ಜಾಗವೆಲ್ಲಿದೆ ಎಂಬುದನ್ನು ಮೊದಲೇ ನೋಡಿಟ್ಟಿರಬೇಕು. ಅಡಿಕೆ ತೋಟದ ಅಂಚಿನ ದಾರಿಯಲ್ಲಿ ಹಿಮ್ಮುಖವಾಗಿ ಹೊರಬರಲು ಹೋಗಿ ಚಕ್ರ ಕಾದಿಗೆಗೆ ಇಳಿದರೆ ಊರಿಗೆ ಊರೇ ಸೇರಿ ಎತ್ತಬೇಕಾಗುತ್ತದೆ. ದಾರಿ ಮನೆಯವರೆಗೆ ಹೋಗದಿದ್ದರೆ, ನಡುವೆ ಕಾಲುಸಂಕ ದಾಟಬೇಕಿದ್ದರೆ, ಅದನ್ನು ಕರೆಯಲ್ಲೇ ತಿಳಿಸಿ, ಎರಡು ಗಟ್ಟಿ ಗಳುಗಳಿಗೆ ಕಂಬಳಿ ಬಿಗಿದು ಡೋಲಿ ಸಿದ್ಧಪಡಿಸಿಕೊಳ್ಳಬೇಕು. ಅಡಿಕೆ ಮರದಿಂದ ಬಿದ್ದು ಬೆನ್ನಿಗೋ ಕುತ್ತಿಗೆಗೋ ಪೆಟ್ಟಾಗಿದೆ ಎಂಬ ಅನುಮಾನವಿದ್ದರೆ ಮಾತ್ರ ಡೋಲಿ ಬೇಡ. ಸಿಬ್ಬಂದಿ ಬರುವವರೆಗೆ ಅಲುಗಾಡಿಸದೆ ಕಾಯುವುದೇ ಸರಿ, ಸಾಗಿಸಲೇಬೇಕಾದರೆ ಹಲಗೆಯ ಮೇಲೆ ತಲೆ, ಕುತ್ತಿಗೆ, ಬೆನ್ನು ಒಂದೇ ಸರಳರೇಖೆಯಲ್ಲಿರುವಂತೆ ಮಲಗಿಸಿ ಒಯ್ಯಬೇಕು.

ಹತ್ತಿರದ ವಾಹನ ಬೇರೆ ಕರೆಗೆ ಹೋಗಿದ್ದು ಮತ್ತೊಂದು ದೂರದಿಂದ ಬರಬೇಕಾದಾಗ ಏನು ಮಾಡಬೇಕು? ಸುಮ್ಮನೆ ಕಾಯುವುದೂ, 108ನ್ನು ಬಿಟ್ಟು ಜೀಪಿನಲ್ಲೇ ಆಸ್ಪತ್ರೆಯವರೆಗೆ ಹೋಗಿಬಿಡುವುದೂ ರೂಢಿಯಲ್ಲಿರುವ ಎರಡು ದಾರಿಗಳು. ಇವೆರಡಕ್ಕಿಂತ ಒಳ್ಳೆಯದು, ಜೀಪಿನಲ್ಲಿ ಎದುರು ಹೋಗಿ ನಡುದಾರಿಯಲ್ಲಿ ಆಂಬ್ಯುಲೆನ್ಸಿಗೆ ವರ್ಗಾಯಿಸುವುದು. ಪೈಲಟ್‌ನೊಂದಿಗೆ ಮಾತನಾಡಿ ಸೇರುವ ಜಾಗವನ್ನು ನಿಶ್ಚಯಿಸಿಕೊಂಡೇ ಹೊರಡಬೇಕು, ಇಲ್ಲವಾದರೆ ಕವಲುದಾರಿಗಳಲ್ಲಿ ಪರಸ್ಪರ ತಪ್ಪಿಹೋಗುತ್ತದೆ. ಶರಾವತಿ ಹಿನ್ನೀರಿನ ಆಚೆಯ ತುಮರಿ ಭಾಗದವರಿಗೆ ಇಂಥ ಲೆಕ್ಕಾಚಾರ ಹೊಸದಲ್ಲ. ಲಿಂಗನಮಕ್ಕಿ ಅಣೆಕಟ್ಟಿನ ನೀರು ಆವರಿಸಿದ ಮೇಲೆ ದಶಕಗಳ ಕಾಲ ಅಲ್ಲಿಯವರಿಗೆ ಸಾಗರ ಪಟ್ಟಣಕ್ಕೆ ಹತ್ತಿರದ ದಾರಿಯೆಂದರೆ ಲಾಂಚೇ ಆಗಿತ್ತು. ಸಂಜೆ ಲಾಂಚ್ ನಿಂತ ಮೇಲೆ ಕಾಯಿಲೆ ಬಿದ್ದವರನ್ನು ಬಳಸುದಾರಿಯಲ್ಲಿ ಸಾಗಿಸಬೇಕಾಗುತ್ತಿತ್ತು. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದುಕೊಂಡಾಗ ಆ ಜನ ಅಷ್ಟು ಸಂಭ್ರಮಿಸಿದ್ದಕ್ಕೆ ಪ್ರವಾಸಿಗರ ಅನುಕೂಲವೊಂದೇ ಕಾರಣವಾಗಿರಲಿಲ್ಲ.

ಕಾಯುವ ಹೊತ್ತಿನಲ್ಲಿ ಮಾಡಬೇಕಾದದ್ದಕ್ಕಿಂತ ಮಾಡಬಾರದ್ದೇ ಹೆಚ್ಚು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು. ಉಸಿರಾಟ ಸರಿಯಿದ್ದು ಪೆಟ್ಟು ಬಿದ್ದಿಲ್ಲವಾದರೆ ಮಗ್ಗುಲಿಗೆ ಮಲಗಿಸಬೇಕು. ಉಸಿರು ನಿಂತಿದ್ದರೆ ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿ, ಎರಡೂ ಕೈ ಜೋಡಿಸಿ ಬಲವಾಗಿ ಒತ್ತುತ್ತಿರಬೇಕು. ಎದೆನೋವಿನವರನ್ನು ‘ನಡೆಯಬಲ್ಲೆ’ ಎಂದರೂ ನಡೆಸಬಾರದು. ಹಾವು ಕಚ್ಚಿದಾಗ ಹಗ್ಗ ಬಿಗಿಯುವುದು, ಗಾಯ ಕೊಯ್ಯುವುದು, ನಾಟಿ ಔಷಧಿಯವರ ಮನೆಗೆ ಒಂದು ಸುತ್ತು ಹೋಗಿ ಬರುವುದು ಇವ್ಯಾವುವೂ ಬೇಡ. ಉಂಗುರ, ಬಳೆ, ಕಾಲುಗೆಜ್ಜೆ ತೆಗೆದು, ಕಚ್ಚಿದ ಅಂಗವನ್ನು ದಬ್ಬೆ ಕಟ್ಟಿ ಅಲುಗದಂತೆ ಇಟ್ಟು, ಕಚ್ಚಿದ ಸಮಯವನ್ನು ಬರೆದಿಡಬೇಕು. ತೋಟಕ್ಕೆ ಹೊಡೆಯುವ ಔಷಧಿ ಹೊಟ್ಟೆಗೆ ಹೋಗಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ಅಭ್ಯಾಸವನ್ನು ಬಿಟ್ಟು, ಡಬ್ಬಿಯನ್ನು ಹಾಗೆಯೇ ಜೊತೆಗೆ ಕಳುಹಿಸಬೇಕು. ಯಾವ ವಿಷ ಎಂದು ವೈದ್ಯರಿಗೆ ತಿಳಿಸುವುದು ಆ ಲೇಬಲ್ಲೇ. ಬಾಯಿ ಸೊಟ್ಟಗಾಗಿ, ಒಂದು ಕೈ ಸೋತು, ಮಾತು ತೊದಲುತ್ತಿದ್ದರೆ ಅದು ಪಾರ್ಶ್ವವಾಯು ಇರಬಹುದು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವಿದ್ದು, ಆ ಲೆಕ್ಕ ರೋಗಿ ಸರಿಯಾಗಿದ್ದುದನ್ನು ಕೊನೆಯ ಬಾರಿ ಕಂಡ ಹೊತ್ತಿನಿಂದ ಶುರುವಾಗುವುದರಿಂದ, ಆ ಹೊತ್ತನ್ನು ನೆನಪಿಟ್ಟು ಹೇಳಬೇಕು.

ರಸ್ತೆ ಅಪಘಾತ ಕಂಡರೂ ‘ಪೊಲೀಸು, ಕೋರ್ಟು ಯಾರಿಗೆ ಬೇಕು’ ಎಂದು ಮುಂದೆ ಸಾಗುವವರು ಇನ್ನೂ ಇದ್ದಾರೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಮು ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ನೀಡಿದೆ. ಕರೆ ಮಾಡಿ, ಗಾಯಾಳುವನ್ನು ಒಪ್ಪಿಸಿ, ಹೆಸರು ಹೇಳದೆ ಹೊರಟುಹೋಗಲು ಅಡ್ಡಿಯಿಲ್ಲ. ಅದೇ ಕಾಯ್ದೆಯ ಪ್ರಕಾರ ಆಂಬ್ಯುಲೆನ್ಸಿಗೆ ದಾರಿ ಬಿಡದವರಿಗೆ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು.

ಹೆರಿಗೆಯ ವಿಷಯ ಬೇರೆ, ಏಕೆಂದರೆ ಅದು ದಿನಾಂಕ ತಿಳಿಸಿ ಬರುವ ತುರ್ತು. ಮಳೆಗಾಲದಲ್ಲಿ ದಿನ ತುಂಬುವ ಹೊಳೆಯಾಚೆಯ ಗರ್ಭಿಣಿಯರ ಪಟ್ಟಿ ಆಶಾ ಕಾರ್ಯಕರ್ತೆಯ ಬಳಿ ಇದ್ದೇ ಇರುತ್ತದೆ. ಅಂಥವರನ್ನು ಒಂದು ವಾರ ಮೊದಲೇ ಆಸ್ಪತ್ರೆಗೆ ಹತ್ತಿರವಿರುವ ಬಂಧುಗಳ ಮನೆಗೆ ಕಳುಹಿಸುವುದಕ್ಕಿಂತ ಉತ್ತಮ ವ್ಯವಸ್ಥೆಯಿಲ್ಲ. ತಾಯಿ ಕಾರ್ಡು, ಸ್ಕ್ಯಾನಿಂಗ್ ವರದಿ, ಮಗುವಿಗೆ ಹೊದಿಸಲು ಒಗೆದ ಹತ್ತಿಬಟ್ಟೆ ಒಂದೇ ಚೀಲದಲ್ಲಿರಲಿ. ದಾರಿಯಲ್ಲೇ ಹೆರಿಗೆಯಾಗುವ ಸ್ಥಿತಿ ಬಂದರೆ ವಾಹನದಲ್ಲಿರುವ ತುರ್ತು ವೈದ್ಯಕೀಯ ತಂತ್ರಜ್ಞರಿಗೆ ಅದನ್ನು ಮಾಡಿಸುವ ತರಬೇತಿ ಇದೆ, ಬೇಕಾದ ಕಿಟ್ ಇದೆ. ಜೊತೆಗಿರುವ ಹಿರಿಯರು ಆಗ ಅವರ ಮಾತಿಗೆ ಬಿಡುವುದು ಒಳಿತು.

ವಾಹನ ಬಂದ ಮೇಲೆ ರೋಗಿಯ ವಿಷಯ ತಿಳಿದ ಒಬ್ಬರು ಜೊತೆಗೆ ಹತ್ತಿದರೆ ಸಾಕು, ಉಳಿದವರು ಹಿಂದಿನಿಂದ ಬರಲಿ. ನಿತ್ಯ ನುಂಗುವ ಮಾತ್ರೆಗಳು, ಆಧಾರ್, ಪಡಿತರ ಚೀಟಿ ಕೈಯಲ್ಲಿರಬೇಕು. ಸೇವೆ ಉಚಿತ, ಡೀಸೆಲ್ ಹೆಸರಿನಲ್ಲೂ ಹಣ ಕೊಡಬೇಕಾಗಿಲ್ಲ. ಜ್ವರಕ್ಕೆ ಸಲಹೆ ಬೇಕಾದವರು 104 ಆರೋಗ್ಯವಾಣಿಗೆ ಕರೆ ಮಾಡಬೇಕೇ ಹೊರತು 108ಕ್ಕೆ ಅಲ್ಲ. ಆಸ್ಪತ್ರೆಯಿಂದ ಮನೆಗೆ ಮರಳಿ ಬಿಡುವುದು 108ರ ಕೆಲಸವೂ ಅಲ್ಲ. ಆದರೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ತಾಯಿ ಮತ್ತು ಕೂಸನ್ನು ಮನೆಗೆ ತಲುಪಿಸಲು ‘ನಗು-ಮಗು’ ವಾಹನಗಳಿವೆ, ಬಿಡುಗಡೆಯ ಹಿಂದಿನ ದಿನವೇ ವಾರ್ಡಿನ ನರ್ಸಿಗೆ ಹೇಳಿಟ್ಟರೆ ಅದನ್ನು ಹೊಂದಿಸಲು ಅವರಿಗೆ ಸುಲಭವಾಗುತ್ತದೆ.