ಮೂರು ತಾಸಿನ ಪ್ರಸಂಗ, ಒಂದೇ ಶಾಟ್: ಮಾನಿಟರ್-ರೆಕಾರ್ಡರ್ ಜೋಡಿಸುವ ಬಗೆ

ಮುಂಬಯಿಯಲ್ಲಿ ಮಾಟುಂಗದ ಮೈಸೂರು ಅಸೋಸಿಯೇಷನ್ ಇರಲಿ, ಕುರ್ಲಾದ ಬಂಟರ ಭವನ ಇರಲಿ, ಯಕ್ಷಗಾನ ಚಿತ್ರೀಕರಣಕ್ಕೆ ನಾನು ಮಿರರ್‌ಲೆಸ್ ಕ್ಯಾಮೆರಾದ ಜೊತೆ 5 ಇಂಚಿನ ಅಟಾಮಸ್ ನಿಂಜಾ ವಿ ಒಯ್ಯುತ್ತೇನೆ. ಇದು ಕ್ಯಾಮೆರಾದ ಚಿತ್ರವನ್ನು ಎಚ್‌ಡಿಎಂಐ ಕೇಬಲ್ ಮೂಲಕ ಪಡೆದು ಪರದೆಯಲ್ಲಿ ತೋರಿಸುತ್ತಾ ತನ್ನದೇ ಡಿಸ್ಕಿನಲ್ಲಿ ದಾಖಲಿಸುವ ಮಾನಿಟರ್-ರೆಕಾರ್ಡರ್. ಹಲವು ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ರೆಕಾರ್ಡಿಂಗ್ ನಿಲ್ಲಿಸುತ್ತವೆ. ಬಣ್ಣದ ವೇಷ ತೆರೆ ಸರಿಸಿ ಬರುವ ಹೊತ್ತಿಗೆ ಹಾಗಾದರೆ ಮುಗಿಯಿತು, ಅದನ್ನು ಎರಡನೇ ಸಲ ಮಾಡಿಸಲಾಗದು.

ಮೊದಲು ಡಿಸ್ಕ್ ಲೆಕ್ಕ. ಪ್ರೋರೆಸ್ 422 ಎಂಬ ವೀಡಿಯೊ ಸ್ವರೂಪದಲ್ಲಿ 4ಕೆ, 25ಪಿ (ಸೆಕೆಂಡಿಗೆ 25 ಪೂರ್ಣ ಫ್ರೇಮ್) ಗಂಟೆಗೆ ಸುಮಾರು 221 ಜಿಬಿ ತಿನ್ನುತ್ತದೆ. ಅದರದ್ದೇ ಹೆಚ್ಚು ಗುಣಮಟ್ಟದ ಎಚ್‌ಕ್ಯೂ ಆದರೆ 332. ಅಂದರೆ 1 ಟಿಬಿ ಎಸ್‌ಎಸ್‌ಡಿಯಲ್ಲಿ ಎಚ್‌ಕ್ಯೂ ಮೂರೇ ತಾಸು, ಮಂಗಳಕ್ಕೆ ಮೊದಲೇ ಡಿಸ್ಕ್ ತುಂಬುವ ಭಯ. ನಾನು 422 ಸಾಕೆನ್ನುತ್ತೇನೆ, ನಾಲ್ಕೂವರೆ ತಾಸು ಬರುತ್ತದೆ. ಅಗ್ಗದ ಎಸ್‌ಎಸ್‌ಡಿ ಮೊದಲ ಹತ್ತಿಪ್ಪತ್ತು ನಿಮಿಷ ಚೆನ್ನಾಗಿ ಓಡಿ, ಅದರೊಳಗಿನ ವೇಗದ ತಾತ್ಕಾಲಿಕ ಜಾಗ (ಕ್ಯಾಶ್) ತುಂಬಿದ ಮೇಲೆ ನಿಧಾನವಾಗಿ ಫ್ರೇಮ್ ಬಿಡಲು ಶುರುಮಾಡುತ್ತದೆ. ಅದಕ್ಕೇ ಹೊಸ ಡಿಸ್ಕನ್ನು ಮನೆಯಲ್ಲೇ ಪೂರ್ತಿ ತುಂಬಿಸಿ ನೋಡಬೇಕು. ಫಾರ್ಮ್ಯಾಟ್ ರೆಕಾರ್ಡರ್‌ನಲ್ಲೇ ಮಾಡಿ, ಕಂಪ್ಯೂಟರಿನಲ್ಲಿ ಬೇಡ.

ಕ್ಯಾಮೆರಾದಲ್ಲಿ ಎಚ್‌ಡಿಎಂಐ ಔಟ್‌ಪುಟ್‌ನ ಮಾಹಿತಿ ತೋರಿಸುವ ಆಯ್ಕೆ ಆಫ್ ಮಾಡದಿದ್ದರೆ ಫೋಕಸ್ ಚೌಕ, ಬ್ಯಾಟರಿ ಗುರುತು ಎಲ್ಲ ಚಿತ್ರದೊಳಗೇ ದಾಖಲಾಗುತ್ತವೆ. ಆಟೋ ಪವರ್ ಆಫ್ ಕೂಡ ತೆಗೆಯಿರಿ. ಇಲ್ಲಿನ ಕರೆಂಟು 50 ಹರ್ಟ್ಸ್, ಹಾಗಾಗಿ 25ಪಿ, ಶಟರ್ 1/50; ಇಲ್ಲದಿದ್ದರೆ ಕೆಲವು ದೀಪಗಳು ಮಿಣುಕುತ್ತವೆ. 1080ರಲ್ಲಿ ಕೆಲವು ಕ್ಯಾಮೆರಾಗಳು 25ಪಿಯನ್ನು 50ಐ ಆಗಿ, ಅಂದರೆ ಪ್ರತಿ ಫ್ರೇಮನ್ನು ಎರಡು ಅರ್ಧಗಳಾಗಿ ಒಡೆದು, ಕಳಿಸುತ್ತವೆ. ಆಗ ರೆಕಾರ್ಡರ್‌ನಲ್ಲಿ ಆ ಅರ್ಧಗಳನ್ನು ಮತ್ತೆ ಒಂದೇ ಫ್ರೇಮ್ ಆಗಿ ಕೂಡಿಸುವ ಪಿಎಸ್‌ಎಫ್ ಆಯ್ಕೆ ಹಾಕದಿದ್ದರೆ, ಕುಣಿತದ ವೇಗಕ್ಕೆ ಅಂಚುಗಳು ಬಾಚಣಿಗೆಯ ಹಲ್ಲಿನ ಹಾಗೆ ಸೀಳುತ್ತವೆ.

ಬಹಳ ಮಂದಿ ಎಡವುವುದು ಟ್ರಿಗರ್‌ನಲ್ಲಿ, ಅಂದರೆ ಕ್ಯಾಮೆರಾದ ಗುಂಡಿಯಿಂದಲೇ ರೆಕಾರ್ಡರನ್ನೂ ಓಡಿಸಿ ನಿಲ್ಲಿಸುವ ಆಯ್ಕೆಯಲ್ಲಿ. ಎಚ್‌ಡಿಎಂಐ ಟ್ರಿಗರ್ ಆನ್ ಇದ್ದರೆ ಕ್ಯಾಮೆರಾ ತನ್ನ ಮಿತಿ ಮುಟ್ಟಿ ನಿಂತಾಗ ರೆಕಾರ್ಡರೂ ನಿಲ್ಲುತ್ತದೆ! ಅದನ್ನು ಆಫ್ ಮಾಡಿ, ರೆಕಾರ್ಡರ್‌ನ ಕೆಂಪು ಗುಂಡಿಯನ್ನೇ ಒತ್ತಿ. ಕ್ಯಾಮೆರಾದ ಕಾರ್ಡಿಗೂ ರೆಕಾರ್ಡ್ ಮಾಡಿಕೊಳ್ಳಬಹುದಾದರೆ ಬೇರೆಯಾಗಿ ಮಾಡಿಕೊಳ್ಳಿ, ಅದು ಆಪತ್ತಿಗೆ.

ಮೈಕ್ರೋ ಎಚ್‌ಡಿಎಂಐ ಸಾಕೆಟ್ ತೀರಾ ನಾಜೂಕು. ಕ್ಯಾಮೆರಾ ಸುತ್ತಲಿನ ಲೋಹದ ಚೌಕಟ್ಟಿಗೆ (ಕೇಜ್) ಕೇಬಲ್ ಕ್ಲಾಂಪ್ ಹಾಕಿ, ಅರ್ಧ ಮೀಟರಿನ ಕೇಬಲ್ ಬಳಸಿ. ಚೀಲದಲ್ಲಿ ಇನ್ನೊಂದು ಇರಲಿ. ಲ್ಯಾಮಿಂಗ್ಟನ್ ರೋಡಿನಲ್ಲಿ ಕೊಂಡರೆ ಅಂಗಡಿಯಲ್ಲೇ 4ಕೆ ಸಿಗ್ನಲ್ ಹಾಕಿಸಿ, ಕೇಬಲ್ ಅಲುಗಿಸಿ ನೋಡಿ.

ವಿದ್ಯುತ್ತು: ಎನ್‌ಪಿ-ಎಫ್970 ಬ್ಯಾಟರಿಯಲ್ಲಿ ಸುಮಾರು 47 ವಾಟ್-ಅವರ್. ರೆಕಾರ್ಡರ್ 15 ವಾಟ್ ಎಳೆದರೂ ಮೂರು ತಾಸು ಬರುವುದು ಕಾಗದದ ಮೇಲೆ ಮಾತ್ರ. ಸಭಾಂಗಣದಲ್ಲಿ ಅಡಾಪ್ಟರ್‌ನಿಂದಲೇ ಓಡಿಸಿ. ಪ್ಲಗ್‌ಗೆ ಗ್ಯಾಫರ್ ಟೇಪ್ ಸುತ್ತದೆ ಬಿಡಬೇಡಿ, ಯಾರೋ ಫ್ಯಾನಿಗೆಂದು ಕೀಳುತ್ತಾರೆ. ಡಿಸ್ಕಿಗೆ ಬರೆಯುತ್ತಿರುವಾಗ ಕರೆಂಟು ಹೋದರೆ ಫೈಲ್ ಮುಚ್ಚದೆ ಉಳಿದು ತೆರೆಯದೇ ಹೋಗಬಹುದು.

ಚಿನ್ನದ ಬಣ್ಣದ ಕಿರೀಟ ಬೇಗ ಬಿಳಿಯಾಗುತ್ತದೆ. ಅತಿ ಬೆಳಕಾದ ಕಡೆ ಪರದೆಯಲ್ಲಿ ಗೆರೆ ತೋರಿಸುವ ಝೀಬ್ರಾವನ್ನು 95ಕ್ಕೆ ಇಟ್ಟು, ಕಿರೀಟದ ಮಣಿಗಳಲ್ಲಿ ಮಾತ್ರ ಗೆರೆ ಕಾಣುವಷ್ಟು ಐರಿಸ್ ಇಳಿಸುತ್ತೇನೆ. ಚೆಂಡೆಯ ಪೆಟ್ಟು -6 ಡಿಬಿ ದಾಟಬಾರದು. ಮಿಕ್ಸರ್‌ನ ಲೈನ್ ಔಟನ್ನು ಕ್ಯಾಮೆರಾದ ಮೈಕ್ ಸಾಕೆಟ್‌ಗೆ ನೇರ ಕೊಟ್ಟರೆ ಭಾಗವತರ ಸ್ವರ ಒಡೆಯುತ್ತದೆ. ನಡುವೆ ಸಿಗ್ನಲ್ ತಗ್ಗಿಸುವ ಅಟೆನ್ಯುಯೇಟರ್ ಬೇಕೇ ಬೇಕು. ರೆಕಾರ್ಡರಿಗೇ ಆಡಿಯೋ ಕೊಟ್ಟರೆ ಎಚ್‌ಡಿಎಂಐ ಚಿತ್ರ ಒಂದೆರಡು ಫ್ರೇಮ್ ಹಿಂದೆ ಬೀಳುತ್ತದೆ. ಚಪ್ಪಾಳೆ ತಟ್ಟಿ ರೆಕಾರ್ಡ್ ಮಾಡಿ, ಅಷ್ಟೇ ಫ್ರೇಮ್ ಆಡಿಯೋ ಡಿಲೇ ಹಾಕಿ.

ಮುಗಿದ ಮೇಲೆ ಸ್ಟಾಪ್ ಒತ್ತಿ, ಪ್ಲೇಬ್ಯಾಕ್‌ನಲ್ಲಿ ಕೊನೆಯ ನಿಮಿಷ ನೋಡಿಯೇ ಡಿಸ್ಕ್ ತೆಗೆಯಿರಿ. ಎರಡು ಪ್ರತಿ ಆಗುವವರೆಗೆ ಅದನ್ನು ಅಳಿಸಬೇಡಿ.